ಕಂಡಿಕೆಯ ಪ್ಯಾದೆ

ಸೊಲ್ಲಾಪುರದ ಅಕ್ಕಲಕೋಟ ರೋಡಿನಲ್ಲಿ ಮಗ್ಗಗಳು ನಿಂತ ಮೇಲೂ
ಅಪ್ಪನ ಕಿವಿಯೊಳಗೆ ಒಂದು ತಾಸು ಖಟಖಟ ಉಳಿದಿರುತ್ತದೆ.
ಕೈ ತೊಳೆದು ಬಂದು, ಮಾತಿಲ್ಲದೆ ಹಲಗೆ ಹಾಸುತ್ತಾನೆ.
ಪರದೆಯ ಮೇಲೆ ಆಡಲಾರ, ಕಾಯಿ ಬೆರಳಿಗೆ ತಾಗಬೇಕು.
ಹಾಗಾಗಿ ನಡುವೆ ನಾನು ದುಭಾಷಿ:
ಅವನ ನಡೆಯನ್ನು ಕಂಪ್ಯೂಟರಿಗೆ,
ಅದರ ನಡೆಯನ್ನು ಕಟ್ಟಿಗೆಗೆ.

ಕರಿ ಪ್ಯಾದೆ ಒಂದು ಎಂದೋ ಕಳೆದಿದೆ.
ಅದರ ಜಾಗಕ್ಕೆ ಮುರಿದ ಕಂಡಿಕೆಯ ತುಂಡು,
ತುದಿಗೆ ಇನ್ನೂ ಎರಡು ಸುತ್ತು ಕೆಂಪು ನೂಲು.

ಈ ಆಟಗಾರನನ್ನು ಬರೆದವಳು ನಾನೇ,
ಹಗಲು ಹುಡುಗರಿಗೆ ಟ್ಯಾಲಿ ಕಲಿಸಿ ಉಳಿದ ಹೊತ್ತಿನಲ್ಲಿ.
ಮೊದಲು ಬೆಲೆ ಕಟ್ಟಿದೆ:
ಪ್ಯಾದೆಗೆ ನೂರು, ಕುದುರೆಗೆ ಮುನ್ನೂರು,
ಒಂಟೆಗೆ ಅದಕ್ಕಿಂತ ಹತ್ತು ಹೆಚ್ಚು,
ಆನೆಗೆ ಐನೂರು, ವಜೀರನಿಗೆ ಒಂಬೈನೂರು.
ರಾಜನ ಬೆಲೆ ಬರೆಯಲು ಹೋಗಿ
ಸೊನ್ನೆ ಒತ್ತುತ್ತಲೇ ಕೂತಿದ್ದೆ.

ಅಷ್ಟು ಕಲಿತದ್ದೇ ಅದು ಕಿರಾಣಿ ಅಂಗಡಿಯ ವಹಿಯಂತಾಯಿತು.
ಉಸಿರುಗಟ್ಟಿದರೂ ಪ್ಯಾದೆ ಬಿಡದು.
ತಾನೇ ಕಟ್ಟಿದ ಗೋಡೆಯ ಹಿಂದೆ ಆನೆಗಳು
ಒಂದು ಹೆಜ್ಜೆ ಬಲಕ್ಕೆ, ಅದೇ ಹೆಜ್ಜೆ ಎಡಕ್ಕೆ.
ಅಪ್ಪ ದಿನಾ ಗೆದ್ದು ದಿನಾ ಬೇಜಾರಾಗುತ್ತಿದ್ದ:
"ಭಾಳ ಕಂಜೂಸ್ ಅದವಾ ನಿನ್ನ ಡಬ್ಬಿ.
ರೊಕ್ಕದ ಗಂಟು ಎದಿಗವಚಿಕೊಂಡು ಬಾವ್ಯಾಗ ಬಿದ್ದಂಗ ಆಡ್ತದ."

ಆ ರಾತ್ರಿ ಒಂದು ಸಾಲು ಸೇರಿಸಿದೆ:
ಕಾಯಿಗಳು ಹೋಗಬಲ್ಲ ಪ್ರತಿ ಮನೆಗೂ ನಾಲ್ಕು ಅಂಕ.

ಮರುದಿನ ಮೂರನೆಯ ನಡೆಗೇ
ಕಂಡಿಕೆಯನ್ನು ಮುಂದೆ ತಳ್ಳಿತು,
ನೇರ ಅಪ್ಪನ ಪ್ಯಾದೆಯ ಬಾಯಿಗೆ.
ಎರಡು ಸಲ ಪರದೆ ನೋಡಿದೆ. ಹೌದು, ಅದೇ ಮನೆ.
ಅಪ್ಪ ಕೆಂಪು ನೂಲನ್ನು ಹೆಬ್ಬೆರಳಲ್ಲಿ ಸವರಿ
ಎತ್ತಿ ಚಹಾ ಬಶಿಯ ಪಕ್ಕದಲ್ಲಿಟ್ಟ.
"ಪುಕ್ಕಟ," ಅಂದ.

ಮಗ್ಗದಲ್ಲಿ ಒಂದು ಎಳೆ ಕಡಿದರೆ
ಚಾದರದ ಉದ್ದಕ್ಕೂ ಗೆರೆ ಬೀಳುತ್ತದೆ,
ತಪಾಸಣೆಯವ ಬೆಳಕಿಗೆ ಹಿಡಿದು ಕೂಲಿ ಮುರಿಯುತ್ತಾನೆ.
ನಲವತ್ತು ವರ್ಷ ಅಪ್ಪ, ಕಡಿದ ಎಳೆ ಹುಡುಕಿ ಗಂಟು ಹಾಕಿದವ.
ಇಲ್ಲಿಯೂ ಒಂದು ಎಳೆ ಇಲ್ಲ.
ಆ ಗೆರೆಯಗುಂಟ ಆನೆ ಬಂತು.
ಪಕ್ಕದ ಗೆರೆಗೆ ಇನ್ನೊಂದು.
ಮೂಲೆಯಿಂದ ಮೂಲೆಗೆ ಒಂಟೆಯ ಓರೆಗಣ್ಣು.
ಲಾಳಿ ಹಾಯಲು ಹಾಸು ಬಾಯ್ದೆರೆದ ಹಾಗೆ
ಹಲಗೆಯ ಅರ್ಧ ತೆರೆದುಕೊಂಡಿತು.

ಚಹಾ ಕೆನೆಗಟ್ಟಿತು.
ಹಿಂದಿನ ಪ್ಯಾದೆ ಕಾಯಲು ಕುದುರೆ ಕೂತಿತು,
ಕುದುರೆ ಕಾಯಲು ವಜೀರ.
ಒಂದು ಪ್ಯಾದೆ ಹೆಚ್ಚಿದ್ದ ಅಪ್ಪನಿಗೆ
ಇಡಲು ಹೆಜ್ಜೆಯೇ ಇರಲಿಲ್ಲ.
ಹನ್ನೊಂದೂವರೆಗೆ ರಾಜನನ್ನು ಮಲಗಿಸಿದ.
"ನಾ ತಿಂದದ್ದು ಪ್ಯಾದೆ ಅಲ್ಲವಾ, ಉದ್ರಿ."

ಅವನಿಗೆ ನಿದ್ದೆ ಹತ್ತಿದ ಮೇಲೆ ಬರೆದದ್ದನ್ನು ತೆರೆದೆ.
ನಾಲ್ಕಲ್ಲ, ನಲವತ್ತು.
ತೂಕಡಿಸುತ್ತ ಒತ್ತಿದ ಒಂದು ಸೊನ್ನೆ ಹೆಚ್ಚು.
ಧಾರಾಳವೆಂದು ನಾವಿಬ್ಬರೂ ತಲೆದೂಗಿದ್ದು
ನನ್ನ ಬೆರಳಿನ ತಪ್ಪಿಗೆ.

ತಿದ್ದಲಿಲ್ಲ. ಮರುರಾತ್ರಿ ಅದು
ಮೂರು ಪ್ಯಾದೆ, ಆಮೇಲೆ ಕುದುರೆಯನ್ನೂ ಎರಚಿ
ಖಾಲಿ ಬಯಲಲ್ಲಿ ಆನೆ ಓಡಾಡಿಸಿಕೊಂಡು ಸೋತಿತು.
ಅಪ್ಪ ಕೆಮ್ಮು ಬರುವ ತನಕ ನಕ್ಕ:
"ಮೊನ್ನಿ ತನಕ ಕಂಜೂಸ್, ಇವತ್ತ ದಿವಾಳಿ!"

ನಾಲ್ಕಕ್ಕೂ ನಲವತ್ತಕ್ಕೂ ನಡುವೆ
ಈಗ ಒಂದು ಸಂಖ್ಯೆ ಇಟ್ಟಿದ್ದೇನೆ.
ದಿನಾ ತುಸು ಸರಿಸುತ್ತೇನೆ,
ಅಪ್ಪ ನೂಲಿನ ಬಿಗಿಯನ್ನು ಬೆರಳಲ್ಲಿ ಮೀಟಿ ನೋಡುವ ಹಾಗೆ.
ಅವನಿಗೆ ಹೇಳಿಲ್ಲ.

ಕಾಯಿ ಜೋಡಿಸುವಾಗ ಈಗ ಅವನು
ಕಂಡಿಕೆಯನ್ನು ಒಂದೊಂದು ದಿನ ಒಂದೊಂದು ಮನೆಯಲ್ಲಿಡುತ್ತಾನೆ,
ಇವತ್ತು ಇದನ್ನೇ ಬಿಡುತ್ತದೋ ನೋಡೋಣ ಎಂದು.
ಯಂತ್ರಕ್ಕೆ ಕಂಡಿಕೆ ಯಾವುದೆಂದು ಗೊತ್ತಿಲ್ಲ,
ಎಂಟರಲ್ಲಿ ಒಂದು.
ಮೊದಲ ನಡೆ ಅಪ್ಪನದು.